ಕನ್ಸರ್ವೆನ್ಸಿ ಸಂದಿಯಲ್ಲಿ ಮೊದಲು ನಡೆದವರು ಯಾರು?



ಹೋದ ಭಾನುವಾರ ರಾಜಾಜಿನಗರದಿಂದ ರೈಲು ಹಳಿ ದಾಟಿ ಮಲ್ಲೇಶ್ವರದ ಕಡೆ ನಡ್ಕೊಂಡು ಹೋಗಿದ್ದೆ. ಅಲ್ಲಿ ಹಳೇ ಮನೆಗಳ ಹಿಂದೆ ಕಿರಿದಾದ ಸಂದಿಗಳಿವೆ. ಕಾಗದಪತ್ರದಲ್ಲಿ ಅವಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಎಷ್ಟೋ ವರ್ಷ ಕಸ ಸುರಿಯೋಕೆ, ಸ್ಕೂಟರ್ ನಿಲ್ಲಿಸೋಕೆ ಬಳಕೆ ಆಗ್ತಿದ್ದ ಈ ಸಂದಿಗಳಲ್ಲಿ ಕೆಲವನ್ನು ಈಚೆಗೆ ಶುಚಿ ಮಾಡಿ, ಗೋಡೆ ತುಂಬ ಚಿತ್ರ ಬರೆಸಿ, ನಡೆದಾಡೋ ದಾರಿ ಮಾಡಿದ್ದಾರೆ. ಒಳ್ಳೇ ಕೆಲಸ, ಬೇಡ ಅನ್ನಲ್ಲ. ಅಲ್ಲೊಬ್ಬ ಹುಡುಗ ಫೋಟೋ ತೆಗೀತಾ ಪಕ್ಕದವಳಿಗೆ ಹೇಳ್ತಿದ್ದ: "ಕನ್ಸರ್ವೆನ್ಸಿ ಅಂದ್ರೆ ಪರಿಸರ ಸಂರಕ್ಷಣೆ ಕಣೇ." ಮೊದಲು ನಗು ಬಂತು. ಆಮೇಲೆ ನಮ್ಮಜ್ಜಿ ನೆನಪಾಗಿ ನಗು ನಿಂತೋಯ್ತು.

ಬ್ರಿಟಿಷರ ಕಾಲದ ಮುನಿಸಿಪಾಲಿಟಿ ಭಾಷೆಯಲ್ಲಿ ಕನ್ಸರ್ವೆನ್ಸಿ ಅಂದ್ರೆ ಕಸ ಮತ್ತು ಮಲ ಎತ್ತಿ ಊರಾಚೆ ಸಾಗಿಸೋದು. ಆ ಸಂದಿ ಇದ್ದಿದ್ದು ಅದಕ್ಕೆ. ಅಲ್ಲಿ ನಡೆದವರು ನಮ್ಮವರು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಚಿಕ್ಕಪೇಟೆ, ಬಳೇಪೇಟೆಯಂಥ ಇಕ್ಕಟ್ಟಿನ ಪೇಟೆಗಳಲ್ಲಿ ಸಾವಿರಾರು ಜನ ಸತ್ತರು. ಗಾಳಿ ಬೆಳಕು ಇರೋ ಹೊಸ ಬಡಾವಣೆ ಬೇಕು ಅಂತ ಆಗಿನ ಮೈಸೂರು ಸರ್ಕಾರ, ಪ್ಲೇಗಿಗೆ ಮೊದಲೇ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿಯನ್ನು ಬೇಗ ಬೆಳೆಸಿತು. ನೇರವಾದ ಅಗಲ ರಸ್ತೆ, ಸಾಲುಮರ, ಉದ್ಯಾನ, ಮನೆ ಸುತ್ತ ಜಾಗ. ಇವತ್ತಿಗೂ ನಗರ ಯೋಜನೆ ಅಂದ್ರೆ ಈ ಎರಡು ಹೆಸರು ಹೇಳ್ತಾರೆ. ಆದರೆ ಅಲ್ಲಿ ನಿವೇಶನ ಹಂಚುವಾಗ ಜಾತಿ ನೋಡಿ, ಇಂಥವರಿಗೆ ಇಂಥ ಭಾಗ ಅಂತ ಗುರುತು ಮಾಡಿದ್ದರು. ಅದನ್ನು ಹೇಳೋರು ಕಡಿಮೆ. ಮನೆ ಹಿಂದಿನ ಸಂದಿ ಬಗ್ಗೆ ಹೇಳೋರು ಇನ್ನೂ ಕಡಿಮೆ.

ಮನೆಯ ವಿನ್ಯಾಸ ಹೇಗಿತ್ತು ಅಂದ್ರೆ: ಮುಂದೆ ರಸ್ತೆ, ಆಮೇಲೆ ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು. ಹಿತ್ತಲ ಕೊನೆಗೆ ಒಣ ಕಕ್ಕಸು. ಅದರ ಬೆನ್ನಿಗೆ ಸಂದಿಯ ಕಡೆ ಒಂದು ಸಣ್ಣ ಕಿಂಡಿ. ಬೆಳಗಿನ ಜಾವ ಆ ಕಿಂಡಿಯಿಂದ ಮಲ ಬಾಚಿ, ಡಬ್ಬಿಗೆ ತುಂಬಿ, ತಲೆ ಮೇಲೆ ಸಿಂಬಿ ಇಟ್ಟು ಹೊತ್ತುಕೊಂಡು ಹೋಗಬೇಕು. ಮನೆಯವರು ಏಳೋ ಹೊತ್ತಿಗೆ ಎಲ್ಲ ಮುಗಿದಿರಬೇಕು. ಹೊರುವವರು ಮುಂದಿನ ರಸ್ತೆಗೆ ಕಾಲಿಡೋ ಪ್ರಮೇಯವೇ ಬರಬಾರದು.

ಇದು ಬರೀ ಆರೋಗ್ಯದ ವ್ಯವಸ್ಥೆ, ಇದಕ್ಕೂ ಜಾತಿಗೂ ಏನು ಸಂಬಂಧ ಅಂತ ಕೆಲವರು ವಾದಿಸಬಹುದು. ಇಂಗ್ಲೆಂಡಿನ ಗಿರಣಿ ಊರುಗಳಲ್ಲೂ ಮನೆ ಹಿಂದೆ ಇಂಥ ಓಣಿಗಳಿದ್ದವು, ಅಲ್ಲೂ ರಾತ್ರಿ ಮಲ ಸಾಗಿಸೋ ಕೂಲಿಗಳಿದ್ದರು, ನಿಜ. ಆದರೆ ಅಲ್ಲಿ ಆ ಕೆಲಸ ಹುಟ್ಟಿನಿಂದ ಬರ್ತಿರಲಿಲ್ಲ. ಇಲ್ಲಿ ಎಂಜಿನಿಯರ್ ಎಳೆದ ಗೆರೆ ಊರು-ಕೇರಿ ನಡುವಿನ ಹಳೇ ಗೆರೆಯ ಮೇಲೇ ಕೂತಿತು.

ನಮ್ಮಜ್ಜಿ ಮದುವೆಯಾಗಿ ಅನಂತಪುರದ ಕಡೆಯಿಂದ ಈ ಊರಿಗೆ ಬಂದೋಳು. ಬೆಂಗಳೂರಿನ ಬಹಳಷ್ಟು ಪೌರಕಾರ್ಮಿಕ ಕುಟುಂಬಗಳ ಹಾಗೆ ನಮ್ಮದೂ ತೆಲುಗು ಮಾತಾಡೋ ಮಾದಿಗರ ಮನೆ. ಅಜ್ಜಿಗೆ ತಾನು ಕೆಲಸ ಮಾಡಿದ ಮನೆಗಳ ಮುಂಬಾಗಿಲು ಗೊತ್ತಿರಲಿಲ್ಲ. ಹಿಂದಿನ ಕಿಂಡಿ ನೋಡಿಯೇ ಗುರುತು ಹೇಳೋಳು: ಇದು ಕರಿಬೇವಿನ ಮರದ ಮನೆ, ಇದು ನಾಯಿ ಇರೋ ಮನೆ. ಇಪ್ಪತ್ತು ವರ್ಷ ದುಡಿದ ಬೀದಿಯ ಹೆಸರು ಕೇಳಿದರೆ ಹೇಳೋಕೆ ಬರ್ತಿರಲಿಲ್ಲ. ಹೆಸರಿನ ಬೋರ್ಡು ಇದ್ದಿದ್ದು ಮುಂದಿನ ರಸ್ತೆಯಲ್ಲಿ.

ರಸ್ತೆಯಲ್ಲಿ ನಡೆಯೋದು ನಮಗೆ ಹವ್ಯಾಸ ಆಗಿರಲಿಲ್ಲ, ಹೋರಾಟ ಆಗಿತ್ತು. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಏರಿ ಸಾರ್ವಜನಿಕ ರಸ್ತೆಯಲ್ಲಿ ಹೋಗಿದ್ದೇ ದೊಡ್ಡ ಬಂಡಾಯ. 1924ರ ವೈಕಂ ಸತ್ಯಾಗ್ರಹ ಶುರುವಾಗಿದ್ದು ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ನಡೆಯೋ ಹಕ್ಕಿಗಾಗಿ. ಇಪ್ಪತ್ತು ತಿಂಗಳು ಹೋರಾಡಿದ ಮೇಲೂ ಮೂರು ದಿಕ್ಕಿನ ರಸ್ತೆ ತೆರೆದರು, ಪೂರ್ವದ್ದು ಉಳಿಸಿಕೊಂಡರು.

ನಮ್ಮ ರಾಜ್ಯದಲ್ಲಿ ತಲೆ ಮೇಲಿನ ಡಬ್ಬಿ ಇಳಿಸಿದವರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದಾಗ, 70ರ ದಶಕದ ಆರಂಭದಲ್ಲೇ, ಮಲ ಹೊರೋ ಪದ್ಧತಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದಿದ್ದು 1993ರಲ್ಲಿ! ಅದು ಸಾಲದೆ 2013ರಲ್ಲಿ ಇನ್ನೊಂದು ಕಾಯ್ದೆ ಬೇಕಾಯ್ತು. ಆದರೆ ನಾಡಿಗೆ ಬಸವಲಿಂಗಪ್ಪ ಅಂದ್ರೆ ನೆನಪಾಗೋದು 1973ರ ಬೂಸಾ ಗಲಾಟೆ. ಒಂದು ಮಾತಿಗೆ ರಾಜೀನಾಮೆ ಕೊಡಿಸಿದವರು, ಸಾವಿರಾರು ತಲೆಗಳ ಭಾರ ಇಳಿಸಿದ್ದನ್ನು ಮರೆತರು.

ಒಳಚರಂಡಿ ಬಂತು, ಕಿಂಡಿಗಳು ಮುಚ್ಚಿದವು, ಸಂದಿಗಳು ಖಾಲಿಯಾದವು. ಈಗ ಅದೇ ಸಂದಿಗೆ ಪಾದಚಾರಿ ಸ್ನೇಹಿ ಅನ್ನೋ ಹೊಸ ಹೆಸರು. ಊರಿನ ಬೇರೆ ಕಡೆಯೂ ಅದೇ ಗಾಳಿ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದರು, 2020ರ ನವೆಂಬರ್‌ನಿಂದ ಕೆಲ ತಿಂಗಳು ವಾರಾಂತ್ಯದಲ್ಲಿ ಅಲ್ಲಿ ಗಾಡಿ ನಿಲ್ಲಿಸಿ ನಡೆಯೋರಿಗೆ ಬಿಟ್ಟರು. ಚೆನ್ನಾಗಿತ್ತು, ನಾನೂ ಹೋಗಿ ನಡೆದೆ. ಆದರೆ ಆ ಕಲ್ಲನ್ನು ದಿನಾ ಬೆಳಗ್ಗೆ ಗುಡಿಸೋರು ಯಾರು? 2022ರ ಜುಲೈನಲ್ಲಿ ಕೆಲಸ ಖಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಮುಷ್ಕರ ಕೂತ ಪೌರಕಾರ್ಮಿಕರೇ. ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಕೆಲಸದ ನಡುವೆ ಮೂತ್ರಕ್ಕೆ ಹೋಗೋಕೆ ಜಾಗ ಹುಡುಕೋ ಸ್ಥಿತಿ ಅವರದ್ದು. ಊರಿನವರ ಕಕ್ಕಸು ಹೊತ್ತವರ ಮೊಮ್ಮಕ್ಕಳಿಗೆ ಊರಲ್ಲಿ ಒಂದು ಕಕ್ಕಸಿಲ್ಲ.

ಅದಕ್ಕೇ ಎರಡು ಮಾತು ಕೇಳ್ತೀನಿ. ಒಂದು, ಹೊಸದು ಮಾಡಿದ ಪ್ರತಿ ಕನ್ಸರ್ವೆನ್ಸಿ ಸಂದಿಯಲ್ಲೂ ಕನ್ನಡದಲ್ಲಿ ಒಂದು ಫಲಕ ಇರಲಿ. ಈ ದಾರಿ ಯಾಕೆ ಹುಟ್ಟಿತು, ಇಲ್ಲಿ ಯಾರು ಏನು ಹೊತ್ತು ನಡೆದರು ಅಂತ ಅದರಲ್ಲಿ ಬರೆದಿರಲಿ. ಇನ್ನೊಂದು, ಅದೇ ಸಂದಿಯಲ್ಲಿ ಪೌರಕಾರ್ಮಿಕರಿಗೆ ಒಂದು ಶೌಚಾಲಯ, ಕೈಕಾಲು ತೊಳೆಯೋ ನಲ್ಲಿ, ಕೂತು ತಿಂಡಿ ತಿನ್ನೋಕೆ ನೆರಳು ಕಟ್ಟಿಕೊಡಿ. ಚಿತ್ರ ಬರೆಸೋಕೆ ದುಡ್ಡು ಇದೆ ಅಂದ್ಮೇಲೆ ಇದಕ್ಕೂ ಇರುತ್ತೆ.

ನಿಮ್ಮ ಬಡಾವಣೆಯಲ್ಲಿ ಇಂಥ ಸಂದಿ ಇದ್ದರೆ ಮನೆಯ ಹಿರಿಯರನ್ನು ಕೇಳಿ, ಕಾಮೆಂಟಲ್ಲಿ ಬರೀರಿ. ನಮ್ಮಜ್ಜಿಯಂಥವರ ನೆನಪು ಅವರ ಜೊತೆಗೇ ಮಣ್ಣಾಗೋ ಮೊದಲು ದಾಖಲಾಗಲಿ.

ಜೈಭೀಮ್.