ಹಳೆ ಕಾರು ಹೊಸದನ್ನು ಸೋಲಿಸಿದಾಗ

ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಲ್ಲಿ ಕಾರುಗಳ ಅಂದದ ಸ್ಪರ್ಧೆ ಶುರುವಾದಾಗ ಮೊದಲ ಬಹುಮಾನ ಹೊಸ ಕಾರುಗಳಿಗೇ ಹೋಗುತ್ತಿತ್ತು. 1955ರಲ್ಲಿ ರೇಸ್ ಚಾಲಕ ಫಿಲ್ ಹಿಲ್, ತಮ್ಮ ಕುಟುಂಬದಲ್ಲೇ ಇದ್ದ 1931ರ ಪಿಯರ್ಸ್-ಆರೋ ಕಾರನ್ನು ಸರಿಮಾಡಿ ತಂದು ಗೆದ್ದರು.

ಜೆ.ಬಿ. ನೆದರ್‌ಕಟ್ ಇನ್ನೂ ಮುಂದೆ ಹೋದರು. ಅವರು 1930ರ ಡುಪಾಂಟ್ ಕಾರು ಕೊಂಡದ್ದು 500 ಡಾಲರಿಗೆ. ಕೆಲವು ವಾರದ ಕೆಲಸ ಅಂದುಕೊಂಡರು. ಹಿಡಿದದ್ದು 18 ತಿಂಗಳು, ಖರ್ಚು 65,000 ಡಾಲರ್ ದಾಟಿತು. 1958ರಲ್ಲಿ ಅದೇ ಕಾರು ಗೆದ್ದಿತು.

ಆಮೇಲೆ ಬಣ್ಣ ಬಳಿದು ತಂದರೆ ಸಾಲುತ್ತಿರಲಿಲ್ಲ. ಆದರೆ ಹೊಳಪಿನ ಭರದಲ್ಲಿ ಎಷ್ಟೋ ಕಾರುಗಳ ಮೂಲ ಬಣ್ಣ, ಸೀಟುಗಳೇ ಹೋದವು. ಮುಂದೆ ಅದೇ ಸ್ಪರ್ಧೆಯಲ್ಲಿ, ಇದ್ದಂತೆಯೇ ಉಳಿಸಿಕೊಂಡ ಕಾರುಗಳಿಗೂ ಬೇರೆ ವಿಭಾಗ ಬಂತು.

ಹಳೆಯದನ್ನು ಸರಿಮಾಡುವಾಗ ಎಷ್ಟು ಮುಟ್ಟಬೇಕು, ಎಷ್ಟು ಬಿಡಬೇಕು ಎಂಬುದೂ ಕಸುಬೇ ಎಂದು ನಮಗನ್ನಿಸುತ್ತದೆ.