ಕರೆಂಟಿನ ಜೋಕಾಲಿ

2012ರ ಜುಲೈ 30, 31 ನೆನಪಿದೆಯಾ? ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನು ಟ್ರಿಪ್ ಆಗಿ, ಮೊದಲ ದಿನ ಉತ್ತರದ ಗ್ರಿಡ್ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನರಿರುವ ಪ್ರದೇಶಕ್ಕೆ ಕರೆಂಟಿಲ್ಲ! ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಮಾತ್ರ ಅದು ಬರೀ ಸುದ್ದಿ. ಯಾಕೆ ಹೀಗೆ?

ಆಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಿಂದ ಡಿಸಿ ಲೈನಿದೆ. ಇಂಥ ಡಿಸಿ ಕೊಂಡಿಗಳು ಕರೆಂಟನ್ನು ದಾಟಿಸುತ್ತವೆ, ಆಚೆಯ ತೂಗಾಟವನ್ನಲ್ಲ. ಆದರೆ ನಮಗೆ ಕೊರತೆಯಾದಾಗ ಹೊರಗಿನಿಂದ ತರಿಸಲು ದಾರಿಯೂ ಅಷ್ಟೇ ಇತ್ತು.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಒಂದು ಸರ್ಕ್ಯೂಟ್ ಚಾಲೂ ಆಯಿತು. ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ. ಮುಂದೆ ಕೈಗಾದ ಕರೆಂಟು ಬಂದು ಸೇರುವ ನಮ್ಮ ನರೇಂದ್ರದ ಕಡೆಯಿಂದ ಕೊಲ್ಹಾಪುರಕ್ಕೂ ಲೈನಾಯಿತು.

ಕೂಡಿ ಬಾಳುವುದರಲ್ಲೂ ಒಂದು ಕಷ್ಟ ಇದೆ ನೋಡಿ. ದೂರದೂರದ ಜನರೇಟರುಗಳು ಒಂದೇ ಗ್ರಿಡ್ಡಿನಲ್ಲಿದ್ದಾಗ, ಎಲ್ಲೋ ಧಕ್ಕೆಯಾದರೆ ಇಲ್ಲಿಯ ಗುಂಪು ಅಲ್ಲಿಯ ಗುಂಪಿನ ವಿರುದ್ಧ ತೂಗತೊಡಗುತ್ತದೆ. ಒಂದು ತೂಗಿಗೆ ಎರಡು ಮೂರು ಸೆಕೆಂಡ್ ಹಿಡಿದರೂ ಹಿಡಿದೀತು. ಪಂಚಮಿಯ ಜೋಕಾಲಿಯ ಹಾಗೆ! ವೋಲ್ಟೇಜ್ ಸರಿಪಡಿಸಲು ಧಾವಿಸುವ ರೆಗ್ಯುಲೇಟರಿನ ಪರಿಣಾಮ ತುಸು ತಡವಾಗಿ ತಲುಪಿ, ಕೆಲವೊಮ್ಮೆ ಜೀಕಿದಂತೆಯೇ ಆಗುತ್ತದೆ. ತೂಗಾಟ ತಾನಾಗಿ ತಣಿಯುವ ಬದಲು ಬೆಳೆದರೆ ಲೈನುಗಳು ಒಂದೊಂದಾಗಿ ಟ್ರಿಪ್ ಆಗಬಹುದು.

ಮದ್ದು: ಪವರ್ ಸಿಸ್ಟಮ್ ಸ್ಟೆಬಿಲೈಸರ್. ಡಿಮೆಲ್ಲೊ ಮತ್ತು ಕಾಂಕಾರ್ಡಿಯಾ 1969ರಲ್ಲೇ ಇದರ ಲೆಕ್ಕವನ್ನು ಬಿಡಿಸಿಟ್ಟಿದ್ದರು. ನಮ್ಮ ಐಐಎಸ್‌ಸಿಯ ಕೆ.ಆರ್. ಪಡಿಯಾರ್ ಇದೇ ವಿಷಯದ ಮೇಲೆ ಪಠ್ಯಪುಸ್ತಕ ಬರೆದಿದ್ದಾರೆ. ಜನರೇಟರಿನ ವೇಗ ಅಥವಾ ಪವರ್ ಏರಿಳಿಯುವುದನ್ನು ಈ ಸಾಧನ ಗಮನಿಸಿ, ರೆಗ್ಯುಲೇಟರಿಗೆ ಸರಿಯಾದ ಹೊತ್ತಿಗೆ ಸೂಚನೆ ಕೊಡುತ್ತದೆ. ಜೋಕಾಲಿ ಎದುರು ಬರುವಾಗ ಕೈ ಅಡ್ಡ ಹಿಡಿದಂತೆ. ಹೊತ್ತು ತಪ್ಪಿದರೆ ಅದೇ ಕೈ ತಳ್ಳಿದಂತಾಗುತ್ತದೆ! ಜೋರು ಕಡಿಮೆಯಾದರೆ ತೂಗಾಟ ನಿಲ್ಲುವುದಿಲ್ಲ, ಅತಿಯಾದರೆ ಬೇರೊಂದು ತೂಗಾಟ ಹುಟ್ಟುತ್ತದೆ. ಟ್ಯೂನಿಂಗ್ ಅಂದರೆ ಈ ಹದ ಹಿಡಿಯುವುದೇ.

ಈ ಹದ ಒಮ್ಮೆ ಹಿಡಿದರೆ ಮುಗಿಯಿತು ಅನ್ನುವಂತಿಲ್ಲ. ದಕ್ಷಿಣವೊಂದೇ ಇದ್ದಾಗ ಹೊಂದಿಸಿದ್ದು ಇಡೀ ದೇಶ ಕೂಡಿದ ಮೇಲೂ ಸರಿ ಅನ್ನಲಾಗದು. ಈಗ ಪಾವಗಡದಂಥ ಸೋಲಾರ್ ಪಾರ್ಕುಗಳು ಬಂದಿವೆ, ಅವುಗಳಲ್ಲಿ ತಿರುಗುವ ಭಾರವೇ ಇಲ್ಲ. ಕೊಂಡಿ ಕಟ್ಟಿದ್ದು ಸುದ್ದಿಯಾಯಿತು. ಅದನ್ನು ಪದೇ ಪದೇ ಹದ ಮಾಡುವ ಕೆಲಸ ಸುದ್ದಿಯಾಗುವುದಿಲ್ಲ, ಆದರೆ ಕೊಂಡಿ ಉಳಿದಿರುವುದು ಅದರಿಂದಲೇ. ನೀವೇನಂತೀರಿ?