ಮದ್ದಿನ ಲೆಕ್ಕ ಪುಸ್ತಕಕ್ಕೆ ಬಂದದ್ದು

ನಮ್ಮ ಮಲೆನಾಡಲ್ಲಿ ಕೇಪಿನ ಕೋವಿಗೆ ಮದ್ದು ತುಂಬೋದು ಬೆರಳ ಲೆಕ್ಕದಲ್ಲಿ. ಮೂರು ಬೆರಳು, ನಾಲ್ಕು ಬೆರಳು ಅಂತ. ಅಮೆರಿಕದಲ್ಲಿ ರೈಫಲ್ ತೋಟೆಯನ್ನು ಮನೇಲೇ ತುಂಬಿಕೊಳ್ಳೋ ಬೇಟೆಗಾರರೂ ಮೊದಲು ಕರಿ ಮದ್ದನ್ನು ಸಣ್ಣ ಬಟ್ಟಲಲ್ಲೇ ಅಳೀತಿದ್ರು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆ ಬಾರದ ಮದ್ದು ಮಾಡಿದ. ಅದರ ಜೋರು ಸುಮಾರು ಮೂರು ಪಟ್ಟು. ಹಳೇ ಬಟ್ಟಲಲ್ಲೇ ಹೊಸ ಮದ್ದು ಅಳೆದು ತುಂಬಿದ್ರೆ ಕೋವಿಯೇ ಸಿಡಿಯೋದು. ಆಮೇಲೆ ತೂಕ ಮಾಡೋದೇ ಗತಿ ಆಯ್ತು. ಆ ತೂಕದ ಹೆಸರು ಗ್ರೇನ್, ಅಂದ್ರೆ ಕಾಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ.

ಇಷ್ಟು ಸಣ್ಣ ಲೆಕ್ಕ ತಲೇಲಿ ನಿಲ್ಲಲ್ಲ. ಹಾಗಾಗಿ ಯಾವ ಮದ್ದು, ಎಷ್ಟು ಗ್ರೇನ್, ಗುಂಡಿನ ತೂಕ, ಕೇಪು, ತಾರೀಕು ಎಲ್ಲಾ ಪುಸ್ತಕದಲ್ಲಿ ಬರೆದು, ಡಬ್ಬಿಗೂ ಅದೇ ಚೀಟಿ ಅಂಟಿಸೋ ರೂಢಿ ಬಂತು. ಅಲ್ಲಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ವರ್ಷಗಟ್ಟಲೆ ಗುಂಡು ಹಾರಿಸಿ ಬರೆದಿಟ್ಟ ಲೆಕ್ಕ 1909ರಲ್ಲಿ ಪುಸ್ತಕವಾಗಿ ಬಂತು. ಕೈಕೊಟ್ಟ ಪ್ರಯೋಗಗಳೂ ಅದರಲ್ಲಿವೆ.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತುಂಬೋ ಹಾಗಿಲ್ಲ, ನೆನಪಿರಲಿ. ಆದ್ರೆ ಪಾಠ ನಮ್ಮ ಔಷಧಿ ಡ್ರಮ್ಮಿಗೂ ಸಲ್ಲುತ್ತೆ. ಔಷಧಿ ಬದಲಾದ್ರೆ ಹಳೇ ಮುಚ್ಚಳದ ಅಳತೆ ನಂಬಬೇಡಿ. ಲೇಬಲ್ ನೋಡಿ, ಬರ್ಕೊಳ್ಳಿ.